ಪ್ರಕಟಿತ ಬೆಲೆ, ನಿವ್ವಳ ಬೆಲೆ: ಅಮೆರಿಕದಲ್ಲಿ ಮಕ್ಕಳ ಕಾಲೇಜು ವೆಚ್ಚದ ಲೆಕ್ಕ

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಮಕ್ಕಳ ವಿದ್ಯಾಭ್ಯಾಸದ ಚರ್ಚೆ ಬಹು ಬೇಗ ಆರಂಭವಾಗುತ್ತದೆ. ಯಾವ ಶಾಲೆಯ ವ್ಯಾಪ್ತಿಯಲ್ಲಿ ಮನೆ ಕೊಳ್ಳಬೇಕು, ಗಣಿತಕ್ಕೆ ಯಾವ ವಿಶೇಷ ತರಗತಿಗೆ ಸೇರಿಸಬೇಕು ಎಂಬುದನ್ನು ಮಗು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ನಿರ್ಧರಿಸುವವರಿದ್ದಾರೆ. ಆದರೆ ಆ ವಿದ್ಯಾಭ್ಯಾಸದ ಅತಿದೊಡ್ಡ ಖರ್ಚಾದ ಕಾಲೇಜಿನ ಹಣದ ಮಾತು ಮಾತ್ರ ಹನ್ನೆರಡನೆಯ ತರಗತಿಯ ಕೊನೆಯಲ್ಲಿ ಪ್ರವೇಶಪತ್ರಗಳು ಬರುವವರೆಗೂ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಅಷ್ಟು ಹೊತ್ತಿಗೆ ಮಗುವಿನ ಮನಸ್ಸು ಯಾವುದೋ ಒಂದು ಕಾಲೇಜಿನಲ್ಲಿ ನೆಟ್ಟಿರುತ್ತದೆ. ತಂದೆತಾಯಿಗೆ ಬೇಡವೆನ್ನಲು ಬಾಯಿ ಬರುವುದಿಲ್ಲ. ಮೇ 1ರ ಒಳಗೆ ಒಪ್ಪಿಗೆ ತಿಳಿಸಬೇಕಾಗಿರುತ್ತದೆ.

ಈ ಮೌನಕ್ಕೆ ಎರಡು ಕಾರಣಗಳಿವೆ. ವಿದ್ಯೆಗೆ ಲೆಕ್ಕ ನೋಡಬಾರದೆಂಬ ಸಂಸ್ಕಾರ ಮೊದಲನೆಯದು. ನಮ್ಮ ಪೀಳಿಗೆಯ ಅನುಭವ ಎರಡನೆಯದು. ಕರ್ನಾಟಕದ ಸರ್ಕಾರಿ ವೈದ್ಯಕೀಯ ಅಥವಾ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರಿಗೆ ಬೋಧನಾ ಶುಲ್ಕ ದೊಡ್ಡ ಚಿಂತೆಯಾಗಿರಲಿಲ್ಲ. ಹಾಸ್ಟೆಲಿನ ಮೆಸ್ ಬಿಲ್ಲು ಮತ್ತು ಪುಸ್ತಕಗಳೇ ಮುಖ್ಯ ಖರ್ಚು. ಡೊನೇಷನ್ ಕೇಳುವ ಖಾಸಗಿ ಕಾಲೇಜಿನಲ್ಲಿ ಮೊತ್ತ ದೊಡ್ಡದಾಗಿದ್ದರೂ ಅದು ಎಷ್ಟೆಂಬುದು ಸೇರುವ ಮುನ್ನವೇ ತಿಳಿಯುತ್ತಿತ್ತು. ಅಮೆರಿಕದ ವ್ಯವಸ್ಥೆ ಹೀಗಿಲ್ಲ. ಇಲ್ಲಿ ಒಂದೇ ಕೊಠಡಿಯಲ್ಲಿ ಕುಳಿತ ಇಬ್ಬರು ವಿದ್ಯಾರ್ಥಿಗಳಲ್ಲಿ ಒಬ್ಬರು ಮತ್ತೊಬ್ಬರ ಮೂರರಷ್ಟು ಹಣ ಕೊಡುತ್ತಿರಬಹುದು. ಯಾರು ಎಷ್ಟು ಕೊಡಬೇಕಾಗುತ್ತದೆ ಎಂಬುದನ್ನು ಮೊದಲೇ ಅಂದಾಜು ಮಾಡಲು ಸಾಧ್ಯವಿದೆ. ಆ ಅಂದಾಜಿನ ವಿಧಾನವನ್ನೂ ವೆಚ್ಚವನ್ನು ತಗ್ಗಿಸುವ ಮಾರ್ಗಗಳನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

ವೆಚ್ಚದ ಅಂಗಗಳು

ಪ್ರತಿಯೊಂದು ಕಾಲೇಜೂ ವರ್ಷಕ್ಕೊಮ್ಮೆ ‘ಹಾಜರಾತಿಯ ವೆಚ್ಚ’ ಎಂಬ ಒಂದು ಮೊತ್ತವನ್ನು ಪ್ರಕಟಿಸುತ್ತದೆ. ಇದರಲ್ಲಿ ಬೋಧನಾ ಶುಲ್ಕ, ಇತರ ಶುಲ್ಕಗಳು, ವಸತಿ ಮತ್ತು ಊಟ, ಪುಸ್ತಕಗಳು, ಪ್ರಯಾಣ ಮತ್ತು ವೈಯಕ್ತಿಕ ಖರ್ಚುಗಳು ಸೇರಿರುತ್ತವೆ. ಹಲವರು ಬೋಧನಾ ಶುಲ್ಕವನ್ನು ಮಾತ್ರ ಗಮನಿಸಿ ಉಳಿದದ್ದನ್ನು ‘ಮೇಲುಖರ್ಚು’ ಎಂದು ಬದಿಗಿಡುತ್ತಾರೆ. ತಮ್ಮದೇ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಕ್ಕೆ ಸೇರುವವರಿಗೆ ಬೋಧನಾ ಶುಲ್ಕಕ್ಕಿಂತ ವಸತಿ ಮತ್ತು ಊಟದ ವೆಚ್ಚವೇ ಹೆಚ್ಚಾಗಿರುವುದುಂಟು. ಆದ್ದರಿಂದ ಲೆಕ್ಕ ಹಾಕುವಾಗ ಈ ಪೂರ್ಣ ಮೊತ್ತದಿಂದಲೇ ಆರಂಭಿಸಬೇಕು.

ಬೋಧನಾ ಶುಲ್ಕದ ಪ್ರಮಾಣ ಹೇಗಿದೆ ಎಂಬುದಕ್ಕೆ ಕಾಲೇಜ್ ಬೋರ್ಡ್ ಸಂಸ್ಥೆ ಪ್ರಕಟಿಸುವ ವಾರ್ಷಿಕ ಸರಾಸರಿಗಳು ನೆರವಾಗುತ್ತವೆ. 2024-25ರಲ್ಲಿ ಎರಡು ವರ್ಷದ ಕಮ್ಯುನಿಟಿ ಕಾಲೇಜುಗಳ ಸರಾಸರಿ ಶುಲ್ಕ 4,050 ಡಾಲರ್. ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಅದೇ ರಾಜ್ಯದವರಿಗೆ 11,610 ಡಾಲರ್, ಹೊರರಾಜ್ಯದವರಿಗೆ 30,780 ಡಾಲರ್. ಲಾಭೋದ್ದೇಶವಿಲ್ಲದ ಖಾಸಗಿ ಕಾಲೇಜುಗಳಲ್ಲಿ 43,350 ಡಾಲರ್. ಇವು ಸರಾಸರಿಗಳೆಂಬುದನ್ನು ನೆನಪಿಡಬೇಕು. ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳ ಶುಲ್ಕ ಇದಕ್ಕಿಂತ ಬಹಳ ಹೆಚ್ಚು.

ನಿವ್ವಳ ಬೆಲೆ ಎಂದರೇನು?

ಮೇಲೆ ಹೇಳಿದ್ದು ಪ್ರಕಟಿತ ಬೆಲೆ. ಇದರಿಂದ ಮರುಪಾವತಿ ಮಾಡಬೇಕಿಲ್ಲದ ಸಹಾಯಧನವನ್ನೂ ವಿದ್ಯಾರ್ಥಿವೇತನವನ್ನೂ ಕಳೆದರೆ ಉಳಿಯುವುದೇ ನಿವ್ವಳ ಬೆಲೆ. ಕುಟುಂಬವು ನಿಜವಾಗಿ ಕೊಡಬೇಕಾದದ್ದು ಇದನ್ನು. ಪ್ರಕಟಿತ ಬೆಲೆ ಹೆಚ್ಚಿರುವ ಕಾಲೇಜು ಒಂದು ಕುಟುಂಬಕ್ಕೆ ಅಗ್ಗವಾಗಿ ಮತ್ತೊಂದಕ್ಕೆ ಕೈಗೆಟುಕದಂತೆ ಆಗುವುದು ಇದರಿಂದಲೇ.

ಈ ನೆರವಿನಲ್ಲಿ ಎರಡು ಬಗೆ. ಕುಟುಂಬದ ವರಮಾನ ಮತ್ತು ಆಸ್ತಿಯನ್ನು ನೋಡಿ ಕೊಡುವುದು ಅಗತ್ಯಾಧಾರಿತ ನೆರವು. ವಿದ್ಯಾರ್ಥಿಯ ಅಂಕ, ಸಾಧನೆಗಳನ್ನು ನೋಡಿ ಕೊಡುವುದು ಪ್ರತಿಭಾಧಾರಿತ ನೆರವು. ಐವಿ ಲೀಗಿನ ಎಂಟು ವಿಶ್ವವಿದ್ಯಾಲಯಗಳು ಪ್ರತಿಭಾಧಾರಿತ ವಿದ್ಯಾರ್ಥಿವೇತನವನ್ನು ಕೊಡುವುದೇ ಇಲ್ಲ. ಅಲ್ಲಿ ಸಿಗುವುದೆಲ್ಲ ಅಗತ್ಯಾಧಾರಿತ ನೆರವು. ಅದು ಮಾತ್ರ ಬಹು ಉದಾರವಾದದ್ದು. ಉದಾಹರಣೆಗೆ, 2025-26ನೆಯ ಸಾಲಿನಿಂದ ಹಾರ್ವರ್ಡ್ ವಿಶ್ವವಿದ್ಯಾಲಯವೂ, ಐವಿ ಲೀಗಿಗೆ ಸೇರದ ಎಂಐಟಿಯೂ ಎರಡು ಲಕ್ಷ ಡಾಲರ್‌ ಒಳಗಿನ ವರಮಾನ ಹಾಗೂ ಸಾಧಾರಣ ಆಸ್ತಿಯುಳ್ಳ ಕುಟುಂಬಗಳ ಮಕ್ಕಳಿಗೆ ಬೋಧನಾ ಶುಲ್ಕವನ್ನು ಬಿಟ್ಟುಕೊಡುವುದಾಗಿ ಪ್ರಕಟಿಸಿದವು. ದಂಪತಿಗಳಿಬ್ಬರೂ ಸಾಫ್ಟ್‌ವೇರ್ ಅಥವಾ ವೈದ್ಯಕೀಯ ವೃತ್ತಿಯಲ್ಲಿರುವ ಕುಟುಂಬಗಳಿಗೆ ಈ ಮಿತಿ ಅನ್ವಯಿಸುವುದು ಕಡಿಮೆ. ಅಂಥವರು ಪ್ರತಿಭಾಧಾರಿತ ನೆರವು ಕೊಡುವ ಕಾಲೇಜುಗಳನ್ನು, ಎಂದರೆ ತಮ್ಮ ಮಗುವಿನ ಅಂಕಗಳು ಎದ್ದು ಕಾಣುವಂಥ ಕಾಲೇಜುಗಳನ್ನು, ಪಟ್ಟಿಯಲ್ಲಿ ಸೇರಿಸಿಕೊಳ್ಳುವುದು ಅವಶ್ಯ.

ತಮಗೆ ಎಷ್ಟು ಬೀಳಬಹುದೆಂದು ತಿಳಿಯಲು ಅರ್ಜಿ ಹಾಕುವವರೆಗೆ ಕಾಯಬೇಕಾಗಿಲ್ಲ. ಫೆಡರಲ್ ನೆರವು ಪಡೆಯುವ ಪ್ರತಿ ಕಾಲೇಜೂ ತನ್ನ ಜಾಲತಾಣದಲ್ಲಿ ನಿವ್ವಳ ಬೆಲೆಯ ಗಣಕವನ್ನು ಇಟ್ಟಿರಬೇಕೆಂಬ ನಿಯಮ 2011ರಿಂದ ಜಾರಿಯಲ್ಲಿದೆ. ತೆರಿಗೆಪತ್ರವನ್ನು ಮುಂದಿಟ್ಟುಕೊಂಡು ಅರ್ಧ ಗಂಟೆ ಕುಳಿತರೆ ಒಂದು ಕಾಲೇಜಿನ ಅಂದಾಜು ಸಿಗುತ್ತದೆ. ಇದನ್ನು ಮಗು ಹತ್ತನೆಯ ತರಗತಿಯಲ್ಲಿರುವಾಗಲೇ ಐದಾರು ಬಗೆಯ ಕಾಲೇಜುಗಳಿಗೆ ಮಾಡಿ ನೋಡಿದರೆ ಮುಂದಿನ ಚಿತ್ರ ಸ್ಪಷ್ಟವಾಗುತ್ತದೆ. ಸ್ವಂತ ಉದ್ಯಮ ಅಥವಾ ಬಾಡಿಗೆ ಮನೆಗಳ ವರಮಾನ ಇರುವವರಿಗೆ ಈ ಗಣಕಗಳ ಉತ್ತರ ಅಷ್ಟು ನಿಖರವಾಗಿರುವುದಿಲ್ಲ.

ಅರ್ಜಿಗಳು: ಏನನ್ನು ಎಣಿಸುತ್ತಾರೆ, ಏನನ್ನು ಬಿಡುತ್ತಾರೆ

ಫೆಡರಲ್ ನೆರವಿಗೆ ಸಲ್ಲಿಸಬೇಕಾದ ಅರ್ಜಿಯ ಹೆಸರು ಫಾಫ್ಸಾ. ಇದಕ್ಕೆ ಶುಲ್ಕವಿಲ್ಲ. ಇದರ ಆಧಾರದ ಮೇಲೆ ‘ಸ್ಟೂಡೆಂಟ್ ಏಡ್ ಇಂಡೆಕ್ಸ್’ ಎಂಬ ಸೂಚ್ಯಂಕವನ್ನು ನಿರ್ಧರಿಸುತ್ತಾರೆ. ಹಾಜರಾತಿಯ ವೆಚ್ಚದಿಂದ ಈ ಸೂಚ್ಯಂಕವನ್ನು ಕಳೆದರೆ ಬರುವುದು ಆ ಕುಟುಂಬದ ‘ಅಗತ್ಯ’. ಸುಮಾರು ಇನ್ನೂರು ಕಾಲೇಜುಗಳು, ಹೆಚ್ಚಾಗಿ ಖಾಸಗಿಯವು, ತಮ್ಮ ಸ್ವಂತ ನಿಧಿಯಿಂದ ನೆರವು ಕೊಡುವ ಮೊದಲು ಸಿಎಸ್‌ಎಸ್ ಪ್ರೊಫೈಲ್ ಎಂಬ ಇನ್ನೊಂದು ವಿವರವಾದ ಅರ್ಜಿಯನ್ನೂ ಕೇಳುತ್ತವೆ.

ಫಾಫ್ಸಾದಲ್ಲಿ ಎರಡು ವರ್ಷ ಹಿಂದಿನ ತೆರಿಗೆ ವಿವರವನ್ನು ಪರಿಗಣಿಸುತ್ತಾರೆ. 2027ರ ಶರತ್ಕಾಲದಲ್ಲಿ ಕಾಲೇಜು ಸೇರುವವರಿಗೆ ಲೆಕ್ಕಕ್ಕೆ ಬರುವುದು 2025ರ ವರಮಾನ. ಎಂದರೆ ಮಗು ಹತ್ತನೆಯ ತರಗತಿಯ ಎರಡನೆಯ ಅರ್ಧದಲ್ಲಿ ಮತ್ತು ಹನ್ನೊಂದರ ಮೊದಲರ್ಧದಲ್ಲಿ ಇರುವಾಗಿನ ವರಮಾನ. ಈ ಅವಧಿಯಲ್ಲಿ ಬೆಂಗಳೂರಿನ ಹಳೆಯ ನಿವೇಶನವನ್ನು ಮಾರಿದರೆ ಅದರ ಲಾಭವು ಅಮೆರಿಕದ ತೆರಿಗೆಪತ್ರದಲ್ಲಿ ವರಮಾನವಾಗಿ ಕಾಣಿಸಿಕೊಂಡು ಸೂಚ್ಯಂಕವನ್ನು ಏರಿಸುತ್ತದೆ. ಮಾರುವ ಉದ್ದೇಶವಿದ್ದವರು ಮಗು ಒಂಬತ್ತನೆಯ ತರಗತಿಯಲ್ಲಿರುವಾಗಲೇ ಈ ಕಾಲಗಣನೆಯನ್ನು ಮಾಡಿಕೊಳ್ಳಬೇಕು.

ಆಸ್ತಿಯ ವಿಷಯದಲ್ಲಿ ನಮ್ಮವರಿಗೆ ಹಲವು ತಪ್ಪು ತಿಳಿವಳಿಕೆಗಳಿವೆ. ವಾಸದ ಮನೆಯನ್ನೂ 401ಕೆ, ಐಆರ್‌ಎ ಮೊದಲಾದ ನಿವೃತ್ತಿ ಖಾತೆಗಳನ್ನೂ ಫಾಫ್ಸಾ ಆಸ್ತಿಯೆಂದು ಎಣಿಸುವುದಿಲ್ಲ. ಆದರೆ ಎರಡನೆಯ ಮನೆ, ಬಾಡಿಗೆಯ ಮನೆ, ಬ್ಯಾಂಕ್ ಠೇವಣಿ, ಷೇರುಗಳನ್ನು ಎಣಿಸುತ್ತದೆ. ಅವು ಭಾರತದಲ್ಲಿವೆ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ. ಮೈಸೂರಿನಲ್ಲಿ ನಿಮ್ಮ ಹೆಸರಿನಲ್ಲಿರುವ ಫ್ಲ್ಯಾಟು, ಹುಬ್ಬಳ್ಳಿಯ ನಿವೇಶನದಲ್ಲಿ ನಿಮ್ಮ ಪಾಲು, ಎನ್‌ಆರ್‌ಇ ಠೇವಣಿ ಇವೆಲ್ಲವನ್ನೂ, ಅವುಗಳ ಮೇಲಿನ ಸಾಲವನ್ನು ಕಳೆದು, ತೋರಿಸಬೇಕು. ನಿಮ್ಮ ತಂದೆತಾಯಿಯ ಹೆಸರಿನಲ್ಲಿರುವ ಮನೆ ನಿಮ್ಮ ಆಸ್ತಿಯಲ್ಲ.

ತಂದೆತಾಯಿಯ ಆಸ್ತಿಯಲ್ಲಿ ವರ್ಷಕ್ಕೆ ಹೆಚ್ಚೆಂದರೆ ಶೇಕಡ 5.64ರಷ್ಟನ್ನು ಕಾಲೇಜಿಗೆ ಲಭ್ಯವೆಂದು ಭಾವಿಸಲಾಗುತ್ತದೆ. ವಿದ್ಯಾರ್ಥಿಯ ಹೆಸರಿನಲ್ಲಿರುವ ಆಸ್ತಿಯಲ್ಲಿ ಶೇಕಡ 20ರಷ್ಟನ್ನು. ಮಗುವಿನ ಹೆಸರಿನಲ್ಲೇ ಖಾತೆ ತೆರೆದು ಹಣ ಕೂಡಿಡುವ ನಮ್ಮ ಪದ್ಧತಿ ನೆರವು ನಿರೀಕ್ಷಿಸುವ ಕುಟುಂಬಕ್ಕೆ ಇಲ್ಲಿ ನಷ್ಟವನ್ನೇ ತರುತ್ತದೆ.

ಊರಿನಲ್ಲಿರುವ ತಂದೆತಾಯಿಯ ಔಷಧೋಪಚಾರಕ್ಕೆ ತಿಂಗಳು ತಿಂಗಳೂ ಕಳುಹಿಸುವ ಹಣವನ್ನು ಫಾಫ್ಸಾ ಕೇಳುವುದಿಲ್ಲ. ಆದರೆ ಕಾಲೇಜಿನ ನೆರವು ಕಚೇರಿಗೆ ವಿಶೇಷ ಸಂದರ್ಭಗಳನ್ನು ಪರಿಗಣಿಸುವ ಅಧಿಕಾರವಿದೆ. ಬ್ಯಾಂಕಿನ ರವಾನೆ ಪತ್ರಗಳನ್ನೂ ಆಸ್ಪತ್ರೆಯ ಬಿಲ್ಲುಗಳನ್ನೂ ಲಗತ್ತಿಸಿ ಒಂದು ಪುಟದ ಪತ್ರ ಬರೆಯಬಹುದು. ಕೆಲಸ ಹೋದಾಗ, ವರಮಾನ ಕುಸಿದಾಗಲೂ ಇದೇ ದಾರಿ. ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು. ಕೇಳುವುದರಿಂದ ಪ್ರವೇಶಕ್ಕೆ ಧಕ್ಕೆಯಾಗದು.

‘ನಮ್ಮ ವರಮಾನಕ್ಕೆ ಏನೂ ಸಿಗುವುದಿಲ್ಲ’ ಎಂದು ಫಾಫ್ಸಾವನ್ನೇ ಸಲ್ಲಿಸದವರು ಅನೇಕರು. ಬಡ ಕುಟುಂಬಗಳಿಗೆಂದಿರುವ ಪೆಲ್ ಸಹಾಯಧನ (2025-26ರಲ್ಲಿ ಗರಿಷ್ಠ 7,395 ಡಾಲರ್) ಅವರಿಗೆ ಸಿಗದಿರಬಹುದು. ಆದರೆ ವಿದ್ಯಾರ್ಥಿಗೆ ಸಿಗುವ ಫೆಡರಲ್ ಸಾಲಕ್ಕೂ ಈ ಅರ್ಜಿಯೇ ಬೇಕು. ಕೆಲವು ಕಾಲೇಜುಗಳು ಪ್ರತಿಭಾಧಾರಿತ ನೆರವಿಗೂ ಇದನ್ನು ಕೇಳುತ್ತವೆ. ನೆರವು ಕೇಳುವುದು ಮಾನಕ್ಕೆ ಕುಂದೆಂದು ಭಾವಿಸುವವರಿಗೆ ನಮ್ಮ ನಾಡಿನ ಚರಿತ್ರೆಯನ್ನೇ ನೆನಪಿಸಬೇಕು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ವಾರಾನ್ನದಿಂದ ಓದಿದವರು, ಮಠಗಳ ದಾಸೋಹದಲ್ಲಿ, ಸಮುದಾಯದ ವಿದ್ಯಾರ್ಥಿ ನಿಲಯಗಳಲ್ಲಿ ಇದ್ದು ಪದವಿ ಪಡೆದವರು ನಮ್ಮ ಹಿಂದಿನ ತಲೆಮಾರುಗಳಲ್ಲಿ ಅಸಂಖ್ಯ. ಅವರ ಓದಿನ ಖರ್ಚು ಹೇಗೆ ನಡೆಯಿತೆಂಬುದು ಊರಿಗೆಲ್ಲ ತಿಳಿದಿತ್ತು, ಅದರಲ್ಲಿ ಸಂಕೋಚವಿರಲಿಲ್ಲ.

ವೀಸಾದ ಪ್ರಶ್ನೆ

ಫೆಡರಲ್ ನೆರವು ದೊರೆಯುವುದು ಅಮೆರಿಕದ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಉಳ್ಳವರಿಗೆ ಮತ್ತು ಇನ್ನು ಕೆಲವು ವರ್ಗದವರಿಗೆ ಮಾತ್ರ. ಇಲ್ಲೇ ಹುಟ್ಟಿ ಪ್ರಜೆಯಾಗಿರುವ ಮಗುವಿಗೆ, ತಂದೆತಾಯಿ ಎಚ್-1ಬಿ ವೀಸಾದಲ್ಲಿದ್ದರೂ, ಅರ್ಹತೆ ಇದೆ. ಆದರೆ ಎಚ್-4 ವೀಸಾದಲ್ಲಿ ಬಂದು ಗ್ರೀನ್ ಕಾರ್ಡಿನ ಸರದಿಯಲ್ಲೇ ಬೆಳೆದ ಮಗುವಿಗೆ ಫೆಡರಲ್ ಸಹಾಯಧನವಾಗಲಿ ಸಾಲವಾಗಲಿ ಇಲ್ಲ; ಕ್ಯಾಂಪಸ್ಸಿನಲ್ಲಿ ಕೆಲಸ ಮಾಡುವ ಅವಕಾಶವೂ ಇಲ್ಲ. ಒಂದೇ ಮನೆಯ ಅಣ್ಣನಿಗೂ ತಂಗಿಗೂ ಈ ವ್ಯತ್ಯಾಸ ಇರುವುದುಂಟು.

ಇಂಥ ಮಕ್ಕಳಿಗೆ ಮುಖ್ಯವಾದದ್ದು ರಾಜ್ಯದ ನಿವಾಸಿ ಶುಲ್ಕ. ಹಲವು ರಾಜ್ಯಗಳು ಎಚ್-4 ಮಕ್ಕಳಿಗೆ ಈ ಶುಲ್ಕವನ್ನು ಅನ್ವಯಿಸುತ್ತವೆ. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಇಪ್ಪತ್ತೊಂದು ತುಂಬಿದಾಗ ಎಚ್-4 ಮುಗಿದು ಎಫ್-1ಗೆ ಬದಲಾಯಿಸಬೇಕಾಗಿ ಬಂದರೆ ಆ ಶುಲ್ಕ ಉಳಿಯುತ್ತದೆಯೇ ಎಂಬುದನ್ನು ಕಾಲೇಜಿನ ರೆಜಿಸ್ಟ್ರಾರ್ ಕಚೇರಿಯಿಂದ ಲಿಖಿತವಾಗಿ ಕೇಳಿ ತಿಳಿದುಕೊಳ್ಳಬೇಕು. ಮಗು ಮೂರನೆಯ ವರ್ಷದಲ್ಲಿರುವಾಗ ಶುಲ್ಕ ಇದ್ದಕ್ಕಿದ್ದಂತೆ ಎರಡು ಮೂರು ಪಟ್ಟಾದರೆ ಯಾವ ಆಯವ್ಯಯವೂ ನಿಲ್ಲದು. ಹಾರ್ವರ್ಡ್, ಪ್ರಿನ್ಸ್‌ಟನ್, ಎಂಐಟಿಯಂಥ ಕೆಲವೇ ಖಾಸಗಿ ಸಂಸ್ಥೆಗಳು ಪೌರತ್ವವನ್ನು ಲೆಕ್ಕಿಸದೆ ಅಗತ್ಯಾಧಾರಿತ ನೆರವು ಕೊಡುತ್ತವೆ.

ಕುಟುಂಬದ ಆಯವ್ಯಯ

ಕಾಲೇಜಿನ ಬೆಲೆ ಒಂದು ಕಡೆಯಾದರೆ, ಕುಟುಂಬ ಎಷ್ಟು ಕೊಡಬಲ್ಲದು ಎಂಬುದು ಇನ್ನೊಂದು ಕಡೆ. ಹಣ ಮೂರು ಕಡೆಗಳಿಂದ ಬರುತ್ತದೆ: ಈಗಾಗಲೇ ಕೂಡಿಟ್ಟದ್ದು, ಓದಿನ ನಾಲ್ಕು ವರ್ಷಗಳಲ್ಲಿ ಸಂಬಳದಿಂದ ಉಳಿಸಬಹುದಾದದ್ದು, ಮುಂದೆ ತೀರಿಸಬೇಕಾದ ಸಾಲ.

ಕೂಡಿಡುವುದಕ್ಕೆ ಸಾಮಾನ್ಯವಾಗಿ ಬಳಸುವ ಸಾಧನ 529 ಯೋಜನೆ. ಇದರಲ್ಲಿ ಹೂಡಿದ ಹಣದ ಗಳಿಕೆಯನ್ನು ಅರ್ಹ ಶೈಕ್ಷಣಿಕ ವೆಚ್ಚಕ್ಕೆ ಬಳಸಿದರೆ ಫೆಡರಲ್ ವರಮಾನ ತೆರಿಗೆ ಇಲ್ಲ. ಅನೇಕ ರಾಜ್ಯಗಳು ಹೂಡಿಕೆಗೂ ತೆರಿಗೆ ರಿಯಾಯಿತಿ ಕೊಡುತ್ತವೆ, ಕ್ಯಾಲಿಫೋರ್ನಿಯಾ ಕೊಡುವುದಿಲ್ಲ. ಮಗು ಹುಟ್ಟಿದಾಗಿನಿಂದ ತಿಂಗಳಿಗೆ 300 ಡಾಲರ್ ಹೂಡಿ, ವರ್ಷಕ್ಕೆ ಶೇಕಡ 6ರ ಗಳಿಕೆ ಬಂದರೆ, ಹದಿನೆಂಟು ವರ್ಷಗಳಲ್ಲಿ ಕಟ್ಟಿದ 64,800 ಡಾಲರ್ ಸುಮಾರು 1,16,000 ಡಾಲರ್ ಆಗುತ್ತದೆ. ಮಗುವಿಗೆ ಹತ್ತು ವರ್ಷವಾದಾಗ ಆರಂಭಿಸಿದರೆ ಅದೇ ಕಂತು ಸುಮಾರು 36,800 ಡಾಲರ್ ಮಾತ್ರ ಆಗುತ್ತದೆ. ‘ಮಗುವಿಗೆ ವಿದ್ಯಾರ್ಥಿವೇತನ ಬಂದುಬಿಟ್ಟರೆ ಈ ಹಣದ ಗತಿ ಏನು’ ಎಂದು ಹಿಂಜರಿಯಬೇಕಿಲ್ಲ. ಫಲಾನುಭವಿಯ ಹೆಸರನ್ನು ಒಡಹುಟ್ಟಿದವರಿಗೆ ಬದಲಾಯಿಸಬಹುದು. ವಿದ್ಯಾರ್ಥಿವೇತನದಷ್ಟು ಮೊತ್ತವನ್ನು ಶೇಕಡ 10ರ ದಂಡವಿಲ್ಲದೆ, ಗಳಿಕೆಗೆ ಮಾತ್ರ ತೆರಿಗೆ ಕೊಟ್ಟು, ಹಿಂಪಡೆಯಬಹುದು. ಹದಿನೈದು ವರ್ಷ ದಾಟಿದ ಖಾತೆಯಿಂದ ಜೀವಮಾನದಲ್ಲಿ ಒಟ್ಟು 35,000 ಡಾಲರ್‌ವರೆಗೆ, ವಾರ್ಷಿಕ ಮಿತಿಗೆ ಒಳಪಟ್ಟು, ಮಗುವಿನ ರಾತ್ ಐಆರ್‌ಎ ಖಾತೆಗೆ ವರ್ಗಾಯಿಸಲೂ 2024ರಿಂದ ಅವಕಾಶವಿದೆ.

ಓದಿನ ವರ್ಷಗಳಲ್ಲಿ ‘ಅಮೆರಿಕನ್ ಆಪರ್ಚುನಿಟಿ’ ತೆರಿಗೆ ವಿನಾಯಿತಿಯನ್ನು ಮರೆಯಬಾರದು. ಮೊದಲ 2,000 ಡಾಲರ್ ವೆಚ್ಚದ ಪೂರ್ತಿಯನ್ನೂ ಮುಂದಿನ 2,000ದ ಕಾಲುಭಾಗವನ್ನೂ, ಎಂದರೆ ವರ್ಷಕ್ಕೆ 2,500 ಡಾಲರ್‌ವರೆಗೆ, ತೆರಿಗೆಯಿಂದ ನೇರವಾಗಿ ಕಳೆಯಲಾಗುತ್ತದೆ. ಇದು ನಾಲ್ಕು ವರ್ಷ ಸಿಗುತ್ತದೆ. ಜಂಟಿಯಾಗಿ ತೆರಿಗೆ ಸಲ್ಲಿಸುವ ದಂಪತಿಗಳ ವರಮಾನ 1,60,000 ಡಾಲರ್‌ವರೆಗೆ ಇದ್ದರೆ ಪೂರ್ತಿ. 1,80,000 ತಲುಪಿದರೆ ಏನೂ ಇಲ್ಲ. ಒಂದೇ ಖರ್ಚಿಗೆ 529 ಹಣವನ್ನೂ ಈ ವಿನಾಯಿತಿಯನ್ನೂ ಎರಡನ್ನೂ ತೋರಿಸುವಂತಿಲ್ಲ. ಆದ್ದರಿಂದ ಅರ್ಹರಾದವರು ಬೋಧನಾ ಶುಲ್ಕ ಮತ್ತು ಪುಸ್ತಕಗಳ ಪೈಕಿ 4,000 ಡಾಲರನ್ನು ಕೈಯಿಂದ ಕೊಟ್ಟು ಉಳಿದದ್ದಕ್ಕೆ 529 ಬಳಸುವುದು ಜಾಣತನ.

ಸಾಲದ ವಿಷಯಕ್ಕೆ ಬಂದರೆ, ತಂದೆತಾಯಿಯನ್ನು ಅವಲಂಬಿಸಿರುವ ವಿದ್ಯಾರ್ಥಿಗೆ ಫೆಡರಲ್ ಸಾಲ ಮೊದಲ ವರ್ಷ 5,500, ಎರಡನೆಯ ವರ್ಷ 6,500, ಆಮೇಲೆ ವರ್ಷಕ್ಕೆ 7,500 ಡಾಲರ್‌ವರೆಗೆ ಸಿಗುತ್ತದೆ. ಪದವಿಯ ಅವಧಿಗೆ ಒಟ್ಟು ಮಿತಿ 31,000. ತಂದೆತಾಯಿ ತೆಗೆದುಕೊಳ್ಳುವ ಪೇರೆಂಟ್ ಪ್ಲಸ್ ಸಾಲಕ್ಕೆ, 2025ರ ಕಾನೂನಿನ ಪ್ರಕಾರ, 2026ರ ಜುಲೈ 1ರಿಂದ ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ 20,000, ಒಟ್ಟು 65,000 ಡಾಲರ್ ಮಿತಿ ವಿಧಿಸಲಾಗಿದೆ. ಶೇಕಡ 9ರ ಬಡ್ಡಿಯೆಂದು ಇಟ್ಟುಕೊಂಡರೆ 65,000 ಡಾಲರ್ ಸಾಲವನ್ನು ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 823 ಡಾಲರ್ ಬೇಕು. ಒಟ್ಟು ಕೊಡುವುದು ಸುಮಾರು 98,800 ಡಾಲರ್. ಐವತ್ತೆರಡರ ವಯಸ್ಸಿನ ತಂದೆ ಈ ಸಾಲವನ್ನು ತೀರಿಸಿ ಮುಗಿಸುವ ವೇಳೆಗೆ ಅರವತ್ತು ದಾಟಿರುತ್ತಾರೆ. ನಿವೃತ್ತಿಯ ಖಾತೆಯಿಂದ ಹಣ ತೆಗೆದು ಶುಲ್ಕ ಕಟ್ಟುವುದಂತೂ ಇನ್ನೂ ಅಪಾಯಕರ: ತೆಗೆದ ಹಣ ಮುಂದಿನ ಫಾಫ್ಸಾದಲ್ಲಿ ವರಮಾನವಾಗಿ ಎಣಿಕೆಯಾಗಬಹುದು, ಮುಪ್ಪಿನಲ್ಲಿ ಅದರ ಭಾರ ಮತ್ತೆ ಮಕ್ಕಳ ಮೇಲೆಯೇ ಬೀಳುತ್ತದೆ.

ನಾಲ್ಕು ವರ್ಷದ ಲೆಕ್ಕ: ಒಂದು ಕಲ್ಪಿತ ಉದಾಹರಣೆ

ಒಬ್ಬ ವಿದ್ಯಾರ್ಥಿನಿಗೆ ಮೂರು ಕಡೆ ಪ್ರವೇಶ ಸಿಕ್ಕಿದೆ ಎಂದು ಭಾವಿಸೋಣ. ಮೊದಲನೆಯ ಖಾಸಗಿ ವಿಶ್ವವಿದ್ಯಾಲಯದ ಪೂರ್ಣ ವೆಚ್ಚ 88,000 ಡಾಲರ್, ನೆರವಿಲ್ಲ. ಎರಡನೆಯ ಖಾಸಗಿ ಕಾಲೇಜಿನಲ್ಲಿ 62,000, ಅದರಲ್ಲಿ ವರ್ಷಕ್ಕೆ 24,000 ವಿದ್ಯಾರ್ಥಿವೇತನ. ಮೂರನೆಯದು ತನ್ನದೇ ರಾಜ್ಯದ ವಿಶ್ವವಿದ್ಯಾಲಯ, 32,000. ವೆಚ್ಚ ವರ್ಷಕ್ಕೆ ಶೇಕಡ 4ರಂತೆ ಏರಿದರೆ ನಾಲ್ಕು ವರ್ಷಗಳ ನಿವ್ವಳ ಮೊತ್ತ ಕ್ರಮವಾಗಿ ಸುಮಾರು 3,73,700, 1,67,300 ಮತ್ತು 1,35,900 ಡಾಲರ್ ಆಗುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಎರಡು. ಎರಡನೆಯ ಮತ್ತು ಮೂರನೆಯ ಕಾಲೇಜುಗಳ ಮೊದಲ ವರ್ಷದ ಅಂತರ 6,000 ಡಾಲರ್. ನಾಲ್ಕನೆಯ ವರ್ಷ ಅದು ಸುಮಾರು 9,700 ಆಗಿರುತ್ತದೆ. ವೆಚ್ಚ ಏರಿದರೂ ವಿದ್ಯಾರ್ಥಿವೇತನ ಏರದಿರುವುದೇ ಕಾರಣ. ಹಾಗೆಯೇ ಮೊದಲನೆಯ ಮತ್ತು ಮೂರನೆಯ ಕಾಲೇಜುಗಳ ಅಂತರ ಸುಮಾರು 2,37,800 ಡಾಲರ್. ಆ ಹೆಚ್ಚಿನ ಹಣಕ್ಕೆ ಹೆಚ್ಚಾಗಿ ದೊರೆಯುವುದೇನು ಎಂಬ ಪ್ರಶ್ನೆಯನ್ನು ಪ್ರತಿ ಮನೆಯೂ ತಾನೇ ಕೇಳಿಕೊಳ್ಳಬೇಕು. ಕೆಲವು ಓದುಗಳಿಗೆ ಅದಕ್ಕೆ ಸಮರ್ಪಕ ಉತ್ತರ ಇರಬಹುದು. ಪ್ರಶ್ನೆಯನ್ನೇ ಕೇಳದಿರುವುದು ಸಲ್ಲದು.

ಕಾಲೇಜುಗಳು ಕಳುಹಿಸುವ ನೆರವಿನ ಪತ್ರಗಳಲ್ಲಿ ಸಹಾಯಧನ, ಸಾಲ, ದುಡಿಮೆಯ ಅವಕಾಶ ಎಲ್ಲವನ್ನೂ ಒಟ್ಟುಗೂಡಿಸಿ ‘ನೆರವು’ ಎಂದು ತೋರಿಸಿರುವುದುಂಟು. ಸಾಲವನ್ನು ಬೇರ್ಪಡಿಸಿ ನೋಡಬೇಕು. ವಿದ್ಯಾರ್ಥಿವೇತನ ನಾಲ್ಕೂ ವರ್ಷ ಮುಂದುವರಿಯುತ್ತದೆಯೇ, ಅದಕ್ಕೆ ಕನಿಷ್ಠ ಅಂಕ ಎಷ್ಟಿರಬೇಕು, ಹೊರಗಿನ ಸಂಸ್ಥೆಯಿಂದ ವಿದ್ಯಾರ್ಥಿವೇತನ ತಂದರೆ ಕಾಲೇಜು ತನ್ನ ನೆರವನ್ನು ಅಷ್ಟು ತಗ್ಗಿಸುತ್ತದೆಯೇ ಎಂದು ವಿಚಾರಿಸಬೇಕು. ‘ಅರ್ಲಿ ಡಿಸಿಷನ್’ ಅರ್ಜಿಯಲ್ಲಿ ಪ್ರವೇಶ ಸಿಕ್ಕರೆ ಸೇರಲೇಬೇಕೆಂಬ ಒಪ್ಪಂದವಿರುವುದರಿಂದ ಬೇರೆ ಕಾಲೇಜುಗಳ ನೆರವನ್ನು ಹೋಲಿಸುವ ಅವಕಾಶ ತಪ್ಪುತ್ತದೆ. ಪೂರ್ಣ ವೆಚ್ಚವನ್ನು ಭರಿಸಬಲ್ಲವರು, ಅಥವಾ ಗಣಕದ ಅಂದಾಜಿನಲ್ಲಿ ಭರವಸೆಯಿರುವವರು ಮಾತ್ರ ಇದಕ್ಕೆ ಕೈಹಾಕುವುದು ಲೇಸು.

ವೆಚ್ಚ ತಗ್ಗಿಸುವ ಮಾರ್ಗಗಳು

ಅತ್ಯಂತ ದೊಡ್ಡ ಉಳಿತಾಯ ಕಾಲೇಜಿನ ಆಯ್ಕೆಯಲ್ಲೇ ಇದೆ. ಜಾರ್ಜಿಯಾದ ಹೋಪ್, ಫ್ಲಾರಿಡಾದ ಬ್ರೈಟ್ ಫ್ಯೂಚರ್ಸ್ ಯೋಜನೆಗಳು ಅಂಕಗಳ ಆಧಾರದ ಮೇಲೆ ರಾಜ್ಯದೊಳಗೇ ಓದುವವರ ಶುಲ್ಕದ ಬಹುಭಾಗವನ್ನು ಭರಿಸುತ್ತವೆ. ಹೊರರಾಜ್ಯಕ್ಕೆ ಹೋಗಲೇಬೇಕೆಂದರೆ ಪ್ರಾದೇಶಿಕ ಒಪ್ಪಂದಗಳಿವೆ. ಪಶ್ಚಿಮದ ರಾಜ್ಯಗಳ ‘ವೆಸ್ಟರ್ನ್ ಅಂಡರ್‌ಗ್ರಾಜುಯೇಟ್ ಎಕ್ಸ್‌ಚೇಂಜ್’ನಲ್ಲಿ ನಿವಾಸಿ ಶುಲ್ಕದ ಒಂದೂವರೆಪಟ್ಟಿಗಿಂತ ಹೆಚ್ಚು ಕೇಳುವಂತಿಲ್ಲ. ದಕ್ಷಿಣದ ರಾಜ್ಯಗಳ ‘ಅಕಾಡೆಮಿಕ್ ಕಾಮನ್ ಮಾರ್ಕೆಟ್’, ತಮ್ಮ ರಾಜ್ಯದಲ್ಲಿ ಇಲ್ಲದ ವಿಷಯವನ್ನು ನೆರೆರಾಜ್ಯದಲ್ಲಿ ನಿವಾಸಿ ಶುಲ್ಕಕ್ಕೆ ಓದಲು ಅವಕಾಶ ಕೊಡುತ್ತದೆ.

ಕಮ್ಯುನಿಟಿ ಕಾಲೇಜನ್ನು ಕೀಳಾಗಿ ಕಾಣುವುದು ನಮ್ಮವರಲ್ಲಿ ಸಾಮಾನ್ಯ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷ ಅಲ್ಲಿ ಓದಿ ನಿಗದಿತ ಅಂಕ ಪಡೆದವರಿಗೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಆರು ಕ್ಯಾಂಪಸ್ಸುಗಳು ಪ್ರವೇಶದ ಖಾತರಿಯನ್ನೇ ಕೊಡುತ್ತವೆ. ಕೊನೆಗೆ ಕೈಗೆ ಬರುವ ಪದವಿ ಆ ವಿಶ್ವವಿದ್ಯಾಲಯದ್ದೇ.

ಪ್ರೌಢಶಾಲೆಯಲ್ಲೇ ತೆಗೆದುಕೊಳ್ಳುವ ಎಪಿ ಪರೀಕ್ಷೆಗೆ ಸುಮಾರು ನೂರು ಡಾಲರ್ ಶುಲ್ಕ. ಉತ್ತಮ ಅಂಕ ಬಂದು ಕಾಲೇಜು ಅದನ್ನು ಒಪ್ಪಿದರೆ ಸಾವಿರಾರು ಡಾಲರಿನ ಒಂದು ಕೋರ್ಸು ಕಡಿಮೆಯಾಗುತ್ತದೆ. ಯಾವ ಕಾಲೇಜು ಯಾವ ಅಂಕಕ್ಕೆ ಎಷ್ಟು ಕ್ರೆಡಿಟ್ ಕೊಡುತ್ತದೆಂಬ ಪಟ್ಟಿ ಅವುಗಳ ಜಾಲತಾಣಗಳಲ್ಲಿದೆ. ಇದಕ್ಕೆ ಹೊಂದಿಕೊಂಡ ಇನ್ನೊಂದು ಸರಳ ಗಣಿತವಿದೆ. ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು. ಸೆಮಿಸ್ಟರಿಗೆ 12 ಕ್ರೆಡಿಟ್ ತೆಗೆದುಕೊಂಡರೂ ಪೂರ್ಣಾವಧಿ ವಿದ್ಯಾರ್ಥಿ ಎನಿಸಿಕೊಳ್ಳಬಹುದು. ಆದರೆ ಎಂಟು ಸೆಮಿಸ್ಟರಿಗೆ ಅದು 96 ಮಾತ್ರ. ಉಳಿದ 24ಕ್ಕೆ ಐದನೆಯ ವರ್ಷ ಬೇಕಾಗುತ್ತದೆ. ಸೆಮಿಸ್ಟರಿಗೆ 15ರಂತೆ ಓದಿ ನಾಲ್ಕು ವರ್ಷಗಳಲ್ಲಿ ಮುಗಿಸುವುದೇ ಒಂದು ದೊಡ್ಡ ವಿದ್ಯಾರ್ಥಿವೇತನಕ್ಕೆ ಸಮ.

ಹಲವು ಕಾಲೇಜುಗಳು ತಮ್ಮ ಆರೋಗ್ಯ ವಿಮೆಯನ್ನು ಬಿಲ್ಲಿನಲ್ಲಿ ತಾವಾಗಿಯೇ ಸೇರಿಸುತ್ತವೆ. ಕೆಲವೆಡೆ ಇದು ವರ್ಷಕ್ಕೆ ಸಾವಿರಾರು ಡಾಲರ್. ಇಪ್ಪತ್ತಾರು ವರ್ಷ ತುಂಬುವವರೆಗೆ ಮಕ್ಕಳು ತಂದೆತಾಯಿಯ ವಿಮೆಯಲ್ಲೇ ಇರಬಹುದಾದ್ದರಿಂದ, ಗಡುವಿನೊಳಗೆ ವಿನಾಯಿತಿ ಅರ್ಜಿ ಸಲ್ಲಿಸಿ ಇದನ್ನು ತೆಗೆಸಬಹುದು. ಸಾಮಾನ್ಯವಾಗಿ ಪ್ರತಿ ವರ್ಷವೂ ಸಲ್ಲಿಸಬೇಕು. ಆದರೆ ವೈದ್ಯನಾಗಿ ಒಂದು ಎಚ್ಚರಿಕೆ ಹೇಳಬೇಕು. ನಿಮ್ಮ ವಿಮೆ ಒಂದು ಪ್ರದೇಶಕ್ಕೆ ಸೀಮಿತವಾದ ಎಚ್‌ಎಂಒ ಆಗಿದ್ದು ಮಗು ದೂರದ ರಾಜ್ಯದಲ್ಲಿದ್ದರೆ ತುರ್ತು ಚಿಕಿತ್ಸೆಯ ಹೊರತು ಬೇರೇನೂ ಸಿಗದಿರಬಹುದು. ಆಸ್ತಮಾ, ಮಧುಮೇಹ ಅಥವಾ ಮಾನಸಿಕ ಆರೋಗ್ಯಕ್ಕೆ ನಿಯಮಿತ ಚಿಕಿತ್ಸೆ ಪಡೆಯುತ್ತಿರುವ ಮಕ್ಕಳಿಗೆ ಇದನ್ನು ಪರಿಶೀಲಿಸದೆ ಕಾಲೇಜಿನ ವಿಮೆಯನ್ನು ಬಿಡಿಸಬಾರದು.

ಊಟದ ವಿಷಯವೂ ಹೀಗೆಯೇ. ಮೊದಲ ವರ್ಷ ಕಾಲೇಜಿನ ಊಟದ ಯೋಜನೆ ಕಡ್ಡಾಯವಾಗಿರುವುದುಂಟು. ಆಮೇಲೆ ಚಿಕ್ಕ ಯೋಜನೆಗೆ ಇಳಿದು ಅಡುಗೆ ಮಾಡಿಕೊಂಡರೆ ಉಳಿತಾಯವಿದೆ. ಅನ್ನ, ಸಾರು, ಪಲ್ಯ ಮಾಡಲು ಮಗ ಮಗಳು ಇಬ್ಬರಿಗೂ ಹೊರಡುವ ಮೊದಲೇ ಕಲಿಸುವುದು ಒಳ್ಳೆಯ ಹೂಡಿಕೆ. ಊಟ ಬಿಟ್ಟು ಹಣ ಉಳಿಸುವುದು ಮಾತ್ರ ಉಳಿತಾಯವಲ್ಲ. ಪುಸ್ತಕಗಳನ್ನು ಬಾಡಿಗೆಗೆ ಅಥವಾ ಹಳೆಯದನ್ನು ಕೊಳ್ಳಬಹುದು. ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಹಲವು ಮೂಲ ವಿಷಯಗಳ ಪಠ್ಯಗಳನ್ನು ಜಾಲದಲ್ಲಿ ಉಚಿತವಾಗಿ ಕೊಡುತ್ತದೆ. ಎರಡನೆಯ ವರ್ಷದಿಂದ ವಿದ್ಯಾರ್ಥಿ ನಿಲಯದ ಮೇಲ್ವಿಚಾರಕ ಸಹಾಯಕರಾದವರಿಗೆ ಅನೇಕ ಕಡೆ ಕೊಠಡಿ ಉಚಿತ.

ವೈದ್ಯಕೀಯ ಓದಿನ ಆಸೆ ಇದ್ದರೆ

ನಮ್ಮ ಮನೆಗಳಲ್ಲಿ ಈ ಆಸೆ ಹೆಚ್ಚು. ಇಲ್ಲಿ ವೈದ್ಯ ಪದವಿಗೆ ಮೊದಲು ನಾಲ್ಕು ವರ್ಷದ ಪದವಿ, ಆಮೇಲೆ ಮತ್ತೆ ನಾಲ್ಕು ವರ್ಷ. ವೃತ್ತಿಪರ ಓದಿಗೆ ಪೂರ್ಣ ವೆಚ್ಚದಷ್ಟು ಸಾಲ ಕೊಡುತ್ತಿದ್ದ ಗ್ರಾಡ್ ಪ್ಲಸ್ ಯೋಜನೆ 2026ರ ಜುಲೈ 1ರಿಂದ ಹೊಸ ಸಾಲಗಾರರಿಗೆ ಇಲ್ಲ. ಅಂದಿನಿಂದ ವೈದ್ಯ ವಿದ್ಯಾರ್ಥಿಗೆ ಫೆಡರಲ್ ಸಾಲದ ಮಿತಿ ವರ್ಷಕ್ಕೆ 50,000, ಒಟ್ಟು 2,00,000 ಡಾಲರ್. ಹಲವು ಖಾಸಗಿ ವೈದ್ಯಕೀಯ ಕಾಲೇಜುಗಳ ವೆಚ್ಚ ಇದನ್ನು ಮೀರುತ್ತದೆ. ಮೇಲಿನದನ್ನು ಕುಟುಂಬವೋ ಖಾಸಗಿ ಸಾಲವೋ ತುಂಬಬೇಕು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ 2018ರಿಂದ, ಆಲ್ಬರ್ಟ್ ಐನ್‌ಸ್ಟೈನ್ ಕಾಲೇಜ್ ಆಫ್ ಮೆಡಿಸಿನ್ 2024ರಿಂದ ಬೋಧನಾ ಶುಲ್ಕವನ್ನು ತೆಗೆದುಹಾಕಿವೆ. ಆದರೆ ಅಂಥ ಅವಕಾಶವನ್ನು ನಂಬಿ ಆಯವ್ಯಯ ಮಾಡಲಾಗದು.

ಆದ್ದರಿಂದ ವೈದ್ಯರಾಗಬಯಸುವವರು ಮೊದಲ ಪದವಿಯನ್ನು ಮಿತವ್ಯಯದಲ್ಲಿ ಮುಗಿಸಿ ಹಣವನ್ನು ಮುಂದಿನ ಹಂತಕ್ಕೆ ಉಳಿಸಿಕೊಳ್ಳುವುದು ವಿವೇಕ. ವೈದ್ಯಕೀಯ ಶಾಲೆಗಳು ನೋಡುವುದು ಅಗತ್ಯ ವಿಜ್ಞಾನ ಕೋರ್ಸುಗಳನ್ನು, ಅಂಕಗಳನ್ನು, ಎಂಕ್ಯಾಟ್ ಪರೀಕ್ಷೆಯನ್ನು, ಆಸ್ಪತ್ರೆಯ ಅನುಭವವನ್ನು. ಒಂದು ಸೂಕ್ಷ್ಮ ಮಾತ್ರ ಗಮನದಲ್ಲಿರಲಿ: ಕೆಲವು ವೈದ್ಯಕೀಯ ಶಾಲೆಗಳು ವಿಜ್ಞಾನದ ಮೂಲ ಕೋರ್ಸುಗಳಿಗೆ ಎಪಿ ಕ್ರೆಡಿಟ್ಟನ್ನು ಒಪ್ಪುವುದಿಲ್ಲ. ಅಲ್ಲಿ ಉಳಿಸಲು ಹೋಗದೆ ಇತಿಹಾಸ, ಇಂಗ್ಲಿಷ್‌ನಂಥ ವಿಷಯಗಳಲ್ಲಿ ಎಪಿ ಬಳಸುವುದು ಮೇಲು.

ಮಾತನಾಡಬೇಕಾದ ಹೊತ್ತು

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ನಾವೆಲ್ಲ ಕೇಳಿ ಬೆಳೆದ ಗಾದೆ. ಆದರೆ ಹಾಸಿಗೆ ಎಷ್ಟು ಉದ್ದವಿದೆ ಎಂಬುದನ್ನು ಮಕ್ಕಳಿಗೆ ಹೇಳಿದ ಹೊರತು ಅವರು ಅದನ್ನು ಪಾಲಿಸುವುದು ಹೇಗೆ? ಹತ್ತನೆಯ ತರಗತಿಯ ಬೇಸಿಗೆ ರಜೆಯಲ್ಲಿ, ಕಾಲೇಜುಗಳ ಪಟ್ಟಿ ಮಾಡುವ ಮೊದಲು, ತಂದೆತಾಯಿ ಇಬ್ಬರೂ ಮಗುವಿನೊಂದಿಗೆ ಕುಳಿತು ಒಂದು ಸಂಖ್ಯೆಯನ್ನು ಹೇಳಬೇಕು: ‘ವರ್ಷಕ್ಕೆ ಇಷ್ಟನ್ನು ನಾವು ಕೊಡಬಲ್ಲೆವು, ಇದಕ್ಕೆ ಮೀರಿದ್ದಕ್ಕೆ ನೆರವು ಸಿಗಬೇಕು, ಇಲ್ಲವೇ ನಿನ್ನ ಹೆಸರಿನಲ್ಲಿ ಸಾಲವಾಗುತ್ತದೆ.’ ಎರಡನೆಯ ಮಗುವಿದ್ದರೆ ಅದರ ಪಾಲನ್ನೂ, ಊರಿನಲ್ಲಿರುವ ಅಜ್ಜಿ ತಾತಂದಿರ ಖರ್ಚನ್ನೂ ಅದೇ ಹಾಳೆಯಲ್ಲಿ ಬರೆದು ತೋರಿಸಬಹುದು. ಎಪಿ ಕಲನಶಾಸ್ತ್ರ ಓದುವ ಮಕ್ಕಳಿಗೆ ಈ ಕೂಡು ಕಳೆ ಅರ್ಥವಾಗದೆ ಇರುವುದಿಲ್ಲ.

ಆಗ ಪಟ್ಟಿಯೇ ಬೇರೆಯಾಗುತ್ತದೆ. ಗಣಕದ ಅಂದಾಜು ಆ ಸಂಖ್ಯೆಯೊಳಗೆ ಬರುವ ಎರಡು ಕಾಲೇಜುಗಳಾದರೂ ಅದರಲ್ಲಿರುತ್ತವೆ. ಅವು ಮಗುವಿಗೆ ಮನಸ್ಸಿಗೂ ಒಪ್ಪುವಂಥವಾಗಿರಬೇಕು. ಬೇರೆ ದಾರಿ ಇಲ್ಲದೆ ಸೇರುವ ಕಡೆಯ ಆಸರೆಗಳಾಗಬಾರದು. ಉಳಿದ ಕಾಲೇಜುಗಳಿಗೂ ಅರ್ಜಿ ಹಾಕಲಿ. ನೆರವಿನ ಪತ್ರ ಬಂದ ಮೇಲೆ ಆ ಸಂಖ್ಯೆಯೊಂದಿಗೆ ಹೋಲಿಸಿ ಮೂವರೂ ಕೂಡಿ ನಿರ್ಧರಿಸಲಿ. ಈ ಮಾತನ್ನು ಹದಿನಾರರ ವಯಸ್ಸಿನಲ್ಲಿ ಕೇಳಿದ ಮಗುವಿಗೆ ಅದು ಒಂದು ಅಳತೆ. ಹದಿನೆಂಟರಲ್ಲಿ, ಪ್ರವೇಶಪತ್ರ ಕೈಯಲ್ಲಿರುವಾಗ, ಮೊದಲ ಬಾರಿ ಕೇಳಿದರೆ ಅದೇ ಮಾತು ನಿರಾಕರಣೆಯಂತೆ ಕೇಳಿಸುತ್ತದೆ.